ಷರಾ ಬರೆಯದೆ ಬಿಡದವನು

ಅವನ ಮೇಲಿನ ಸಿಟ್ಟು ನನಗಿನ್ನೂ ಇಳಿದಿಲ್ಲ. ಹೋದ ತಿಂಗಳು ಡಾಲಸ್ ಹತ್ತಿರದ ಕ್ಯಾರಲ್ಟನ್ನಿನಲ್ಲಿ, ತನ್ನ ತಂಗಿಯ ಮನೆಯಲ್ಲಿ, ಎದೆನೋವು ಬಂದು ಹೋಗಿಬಿಟ್ಟ. ಫೋನಿನಲ್ಲಿ ಸುದ್ದಿ ಕೇಳಿದಾಗ ನನ್ನ ಬಾಯಿಂದ ಮೊದಲು ಬಂದ ಮಾತು "ಪೆದ್ದ" ಎಂಬುದು. ಸತ್ತವರನ್ನು ಹಾಗನ್ನಬಾರದು ಎಂದು ಮಗಳು ಗದರಿದಳು. ಬದುಕಿದ್ದಾಗ ಮುಖಕ್ಕೇ ಅಂದಿದ್ದೇನೆ, ಈಗ ಮುಚ್ಚಿಡುವುದೇನು?

ಹೆಸರು ಬರೆಯುವುದಿಲ್ಲ. ಅವನ ಹೆಂಡತಿ ಬೇಡ ಎಂದಿದ್ದಾಳೆ. ಗದಗದ ಕಡೆಯವನು, ನನಗಿಂತ ಹತ್ತು ವರ್ಷ ಚಿಕ್ಕವನು, ಹ್ಯೂಸ್ಟನ್ನಿನ ಒಂದು ಇನ್ಶೂರೆನ್ಸ್ ಕಂಪನಿಯಲ್ಲಿ ಗುಮಾಸ್ತ. ಊರಿನಲ್ಲೂ ವಿಮೆ ಆಫೀಸಿನ ಗುಮಾಸ್ತನೇ. ತಂಗಿ ಅರ್ಜಿ ಹಾಕಿ ಕರೆಸಿಕೊಂಡಳು. ನಮ್ಮವರೆಲ್ಲ ಇಲ್ಲಿಗೆ ಬಂದು ದೊಡ್ಡ ದೊಡ್ಡ ಕೆಲಸ ಹಿಡಿದರೆ ಇವನು ಗದಗದ ಕುರ್ಚಿಯಿಂದ ಎದ್ದು ಹ್ಯೂಸ್ಟನ್ನಿನ ಕುರ್ಚಿಯಲ್ಲಿ ಕೂತ. ಅಷ್ಟೇ ವ್ಯತ್ಯಾಸ.

ನಾನು ಅದೇ ಕಂಪನಿಯ ಟಪಾಲು ಕೋಣೆಯಲ್ಲಿದ್ದೆ. ನಾಲ್ಕನೇ ಕ್ಲಾಸು ಓದಿದವಳಿಗೆ ಅಮೆರಿಕದಲ್ಲಿ ಏನು ಕೆಲಸ ಎನ್ನಬೇಡಿ. ಲಕೋಟೆ ಕತ್ತರಿಸಿ, ಕಾಗದದ ಪಿನ್ನು ಕಿತ್ತು, ಮಡಿಕೆ ಬಿಡಿಸಿ ಸ್ಕ್ಯಾನರಿಗೆ ಕೊಡುವುದಕ್ಕೆ ಓದು ಬೇಡ, ಉಗುರು ಬೇಕು. ಒಂದು ದಿನ ಒಂದು ಪಿನ್ನು ಬಿಡದೆ ಸತಾಯಿಸುತ್ತಿತ್ತು. "ನಿನ್ ಮನೆ ಹಾಳಾಗ, ಬಿಟ್ಟು ಸಾಯಿ" ಎಂದು ಬೈಯುತ್ತಿದ್ದೆ. ಹಿಂದಿನಿಂದ ದನಿ ಬಂತು.

"ಯಾರ ಮನಿ ಹಾಳ ಮಾಡಾಕತ್ತೀರಿ ಅಕ್ಕಾರ?"

ತಿರುಗಿ ನೋಡಿದರೆ ಇವನು. ತೆಳ್ಳಗೆ, ಮಣಿಕಟ್ಟಿನ ತನಕ ಗುಂಡಿ ಹಾಕಿದ ತುಂಬುತೋಳಿನ ಅಂಗಿ, ಕೈಯಲ್ಲಿ ಒಂದು ಹಾಳೆ. ಮೇಲಿನ ಗುಮಾಸ್ತರು ಯಾರೂ ಕೆಳಗಿಳಿದು ನಮ್ಮ ಕೋಣೆಗೆ ಬರುವವರಲ್ಲ. ಇವನು ಬಂದಿದ್ದ.

"ಈ ಪತ್ರದ ಹಿಂದ ಏನರ ಬರದಿತ್ತೇನ್ರಿ? ನನಗ ಮುಂದಿನ ಮಗ್ಗಲ ಅಷ್ಟ ಬಂದೈತಿ."

"ಹಿಂದೆ ಮುಂದೆ ನೋಡೋಕೆ ನಂಗೆ ಇಂಗ್ಲಿಷ್ ಬರತ್ತಾ? ಚೂರು ಮಾಡೋ ಡಬ್ಬಕ್ಕೆ ಹಾಕಾಯ್ತು. ಬೇಕಾದ್ರೆ ಹುಡುಕ್ಕೋ ಹೋಗು."

ಹಾಗೆಂದರೆ ಮನುಷ್ಯನಾದವನು ಸುಮ್ಮನೆ ಹೋಗುತ್ತಾನೆ. ಇವನು ಡಬ್ಬದ ಮುಂದೆ ಕುಕ್ಕರಗಾಲಲ್ಲಿ ಕೂತೇಬಿಟ್ಟ. ಅವನನ್ನು ಹಾಗೆ ಬಿಟ್ಟು ಊಟಕ್ಕೆ ಹೋಗಲು ನನಗೆ ಆಗದೆ ನಾನೂ ಕೂತೆ. ಕೊನೆಗೆ ಸಿಕ್ಕಿತು. ಹಿಂದಿನ ಮಗ್ಗುಲಲ್ಲಿ ಯಾರೋ ಮುದುಕ ಪೆನ್ಸಿಲಿನಲ್ಲಿ ತನ್ನ ಅಡುಗೆಮನೆಯ ನಕ್ಷೆ ಬರೆದಿದ್ದ, ಕೊಳಾಯಿ ಎಲ್ಲಿ ಒಡೆಯಿತು ಎಂದು ಬಾಣದ ಗುರುತು ಹಾಕಿ. ಇವನು ಅದನ್ನು ಎರಡು ಕೈಯಲ್ಲಿ ಹಿಡಿದುಕೊಂಡು ಮೆಟ್ಟಿಲು ಹತ್ತಿದ. ನನ್ನ ಊಟದ ಹೊತ್ತು ಮುಗಿದಿತ್ತು.

ಮಾರನೆಯ ದಿನ ಜೋಳದ ರೊಟ್ಟಿ, ಶೇಂಗಾ ಚಟ್ನಿ ತಂದುಕೊಟ್ಟ. ಹಲಗೆಯಂಥ ರೊಟ್ಟಿ. ಹಲ್ಲಿರುವವರಿಗೆ ಕೊಡು ಎಂದೆ. ಮರುದಿನ ಹೆಂಡತಿಗೆ ಹೇಳಿ ಮೆತ್ತನೆಯದು ಮಾಡಿಸಿಕೊಂಡು ಬಂದ. ಆಮೇಲೆ ಅವನನ್ನು ದೂರ ಇಡುವುದು ನನ್ನಿಂದ ಆಗಲಿಲ್ಲ.

ಅವನಿಗೆ ಒಂದು ರೋಗವಿತ್ತು. ಷರಾ ಬರೆಯುವುದು. ಗದಗದ ಆಫೀಸಿನಲ್ಲಿ ಒಂದು ಮೇಜಿನಿಂದ ಇನ್ನೊಂದು ಮೇಜಿಗೆ ಫೈಲು ಹೋಗಬೇಕಾದರೆ ಅಂಚಿನಲ್ಲಿ ಷರಾ ಇರಲೇಬೇಕಂತೆ: ಏನು ನೋಡಿದೆ, ಏನು ಅನ್ನಿಸಿತು, ಯಾಕೆ ಹೌದು, ಯಾಕೆ ಅಲ್ಲ. ಆ ಅಭ್ಯಾಸವನ್ನು ಪೆಟ್ಟಿಗೆಯಲ್ಲಿಟ್ಟುಕೊಂಡು ಇಲ್ಲಿಗೂ ತಂದಿದ್ದ. "ಕಾರಣ ಬರೀಲಾರದ ಕೈ ಬಿಡಬಾರದ್ರಿ. ನಾಳೆ ಯಾರರ ಕೇಳಿದ್ರ ಫೈಲ್ ಮಾತಾಡಬೇಕು, ನಾವಲ್ಲ" ಎನ್ನುತ್ತಿದ್ದ. ಹಾಗೆನ್ನುವಾಗ ಕನ್ನಡಕ ತೆಗೆದು ಅಂಗಿಯ ತುದಿಯಲ್ಲಿ ಒರೆಸುತ್ತಿದ್ದ. ಒರೆಸಿದ ಮೇಲೆ ಮೊದಲಿಗಿಂತ ಮಬ್ಬಾಗಿರುತ್ತಿತ್ತು.

ಮನೆಯಲ್ಲೂ ಬಿಡುತ್ತಿರಲಿಲ್ಲ. ಫ್ರಿಜ್ಜಿನ ಬಾಗಿಲಿಗೆ ಚೀಟಿ: ಹಾಲು ಹುಳಿಯಾಗಿದೆ, ಕಾರಣ ಬಾಗಿಲು ಸರಿಯಾಗಿ ಹಾಕಿಲ್ಲ. "ನನ್ನ ಮ್ಯಾಲೂ ಷರಾ ಬರೀತಾರ್ರಿ ಅಕ್ಕಾರ" ಎಂದು ಹೆಂಡತಿ ನನಗೆ ದೂರು ಹೇಳುತ್ತಿದ್ದಳು. ಹ್ಯೂಸ್ಟನ್ ಪಕ್ಕದ ಸ್ಟಾಫರ್ಡಿನ ದಿನಸಿ ಅಂಗಡಿಗೆ ಅವನ ಜೊತೆ ಹೋಗುವುದೆಂದರೆ ಶಿಕ್ಷೆ. ಜೋಳದ ಹಿಟ್ಟಿನ ಪೊಟ್ಟಣ ಹಿಡಿದರೆ ಅದರ ಹಿಂದಿನ ಸಣ್ಣಕ್ಷರವನ್ನೆಲ್ಲ ಓದಿ ಮುಗಿಸಬೇಕು. ಹಿಂದೆ ಸಾಲು ಬೆಳೆಯುತ್ತಿತ್ತು. ನಾನು ಸಾಮಾನಿನ ತಳ್ಳುಗಾಡಿಯನ್ನು ಅವನ ಹಿಮ್ಮಡಿಗೆ ಗುದ್ದುತ್ತಿದ್ದೆ. "ಸಾರಿ ರಿ" ಎಂದು ಗಾಡಿಗೇ ಹೇಳಿ ಓದು ಮುಂದುವರಿಸುತ್ತಿದ್ದ.

ಮೊದಲು ಹೋದದ್ದು ನನ್ನ ಕೆಲಸ. ಜನ ಫೋನಿನಲ್ಲೇ ಫೋಟೋ ತೆಗೆದು ಕಳಿಸಲು ಶುರು ಮಾಡಿದರು. ಟಪಾಲಿನ ಚೀಲ ತೆಳ್ಳಗಾಯಿತು, ಆಮೇಲೆ ಬರಲೇ ಇಲ್ಲ. ಕೇಕು ಕತ್ತರಿಸಿ ಕಳಿಸಿದರು. ಆ ಹೊತ್ತಿನಲ್ಲಿ ಇವನು ನನ್ನ ಹತ್ತಿರ ಬಂದು ಕೇಳಿದ್ದೇನು ಗೊತ್ತೆ?

"ಅಕ್ಕಾರ, ಇನ್ನ ಕಾಗದದ ಹಿಂದಿನ ಮಗ್ಗಲ ಯಾರ ನೋಡತಾರ್ರಿ?"

"ನನ್ ಕೆಲ್ಸ ಹೋಯ್ತಲ್ಲೋ, ಅದಕ್ಕೊಂದು ಮಾತಾಡು. ಕಾಗದದ ಚಿಂತೆ ನಿಂಗೆ!"

ನಾನು ಸ್ಟಾಫರ್ಡಿನಲ್ಲಿ ಮಗಳ ಮನೆ ಸೇರಿದೆ. ಎರಡು ರಸ್ತೆ ಆಚೆ ಅವರ ಅಪಾರ್ಟ್‌ಮೆಂಟು. ಹಾಗಾಗಿ ಭಾನುವಾರ ಭಾನುವಾರ ಅವನ ಪುರಾಣ ನನಗೆ ತಪ್ಪಲಿಲ್ಲ.

ನನ್ನ ನಂತರ ಹೋದವರು ಹೆಸರು, ನಂಬರು ಟೈಪ್ ಮಾಡುವ ಹುಡುಗಿಯರು. ಅದಾದ ಮೇಲೆ ಇವನ ವಿಭಾಗಕ್ಕೆ ಹೊಸ ಯಂತ್ರ ಬಂತು. ಯಂತ್ರ ಎಂದರೆ ಕಣ್ಣಿಗೆ ಕಾಣುವಂಥದ್ದಲ್ಲ, ಕಂಪ್ಯೂಟರಿನ ಒಳಗೆ ಕೂತು ಫೈಲು ಓದಿ, ಈ ಕ್ಲೇಮಿಗೆ ಪರಿಹಾರ ಕೊಡಬಹುದು, ಇದಕ್ಕೆ ಕೊಡಬಾರದು ಎಂದು ತಾನೇ ಹೇಳುವಂಥದ್ದು. ಗುಮಾಸ್ತರು ಅದನ್ನು ನೋಡಿ ಸರಿ ಎಂದೋ ತಪ್ಪು ಎಂದೋ ಒತ್ತಬೇಕು. ತಪ್ಪು ಎಂದರೆ ಪಕ್ಕದಲ್ಲಿ ಕಾರಣ ಬರೆಯಲು ಒಂದು ಖಾನೆ. ಬರೆದರೆ ಬರೆಯಬಹುದು, ಬಿಟ್ಟರೆ ಬಿಡಬಹುದು.

ಎಲ್ಲರೂ ಬಿಟ್ಟರು. ಇವನ ಮುಂದೆ ಖಾಲಿ ಖಾನೆ ಇಟ್ಟರೆ ಕೇಳಬೇಕೆ? ತುಂಬಿಸಿದ. ಒಂದೊಂದಕ್ಕೂ ಅರ್ಧ ಪುಟ.

ಆ ವರ್ಷ ಗಾಳಿಮಳೆ ಜೋರಾಗಿತ್ತು. ಒಬ್ಬ ಹೆಂಗಸಿನ ಮನೆಗೆ ನೀರು ನುಗ್ಗಿ ಎಲ್ಲ ಹಾಳಾಗಿತ್ತು. ಇದು ನೆರೆನೀರು, ನಮ್ಮ ವಿಮೆಗೆ ಸೇರುವುದಿಲ್ಲ ಎಂದು ಯಂತ್ರ ತಳ್ಳಿಹಾಕಿತು. ಇವನು ಫೋಟೋಗಳನ್ನೆಲ್ಲ ಹಿಗ್ಗಿಸಿ ನೋಡಿದ. ಮಹಡಿಯ ಮೇಲಿನ ಜಮಖಾನವೂ ಒದ್ದೆ. ನೆರೆನೀರು ಮೆಟ್ಟಿಲು ಹತ್ತುವುದಿಲ್ಲ, ಮೇಲೆ ಒದ್ದೆಯಾಗಿದ್ದರೆ ಛಾವಣಿ ಹಾರಿದೆ ಎಂದರ್ಥ, ಛಾವಣಿ ನಮ್ಮ ವಿಮೆಗೆ ಸೇರುತ್ತದೆ ಎಂದು ಷರಾ ಬರೆದ. ಆ ಹೆಂಗಸಿಗೆ ಹಣ ಸಿಕ್ಕಿತು. ಅಲ್ಲಿಗೆ ಮುಗಿದಿದ್ದರೆ ಒಳ್ಳೆಯದಿತ್ತು. ಎರಡು ವಾರ ಬಿಟ್ಟು ಮುಖ ಅರಳಿಸಿಕೊಂಡು ನಮ್ಮ ಮನೆಗೆ ಬಂದ.

"ಅಕ್ಕಾರ, ಶಿಷ್ಯ ಕಲತಾನ್ರಿ! ಇವತ್ತ ಅಂಥಾದ ಫೈಲ್ ಬಂತು. ನಾ ನೋಡೂದ್ರಾಗ ಅದ ಮಹಡಿ ಫೋಟೋ ನೋಡಿ ಛಾವಣಿ ಅಂತ ಹೇಳಿಬಿಡ್ತು. ನಾ ಬರದಿದ್ದು ಓದೈತ್ರಿ ಅದು!"

ಅವನು ಆ ಯಂತ್ರವನ್ನು ಶಿಷ್ಯ ಎನ್ನುತ್ತಿದ್ದ. ನನಗೆ ಮೈ ಉರಿಯಿತು.

"ಓದಿದ್ರೆ? ಅದಕ್ಕೇ ಎಲ್ಲಾ ಗೊತ್ತಾದ್ರೆ ನಿನ್ನ ಯಾಕಯ್ಯಾ ಇಟ್ಕೋತಾರೆ?"

"ಬ್ಯಾರೆ ಏನರ ಕೊಡತಾರ್ರಿ."

"ನಂಗೇನು ಕೊಟ್ರು? ಕೇಕು."

ನಕ್ಕ. ಕನ್ನಡಕ ಒರೆಸಿದ. ಅವನಿಗೆ ಗೊತ್ತಿರಲಿಲ್ಲ ಎಂದು ತಿಳಿಯಬೇಡಿ. ಗೊತ್ತಿತ್ತು. "ತಪ್ಪ ಅಂತ ಒತ್ತಿ ಕಾರಣ ಹೇಳದ ಬಿಟ್ರ, ನಾಳೆ ಇನ್ನೊಬ್ರ ಮನಿಗೂ ಅದ ತಪ್ಪ ಮಾಡತೈತಲ್ರಿ" ಎಂದ.  ನನಗೆ ಇನ್ನಷ್ಟು ಸಿಟ್ಟು ಬಂತು.

ಮ್ಯಾನೇಜರಮ್ಮ ಅವನಿಗೆ ಒಂದು ಸರ್ಟಿಫಿಕೇಟು ಕೊಟ್ಟಳು, ಯಂತ್ರಕ್ಕೆ ಎಲ್ಲರಿಗಿಂತ ಚೆನ್ನಾಗಿ ಕಲಿಸಿದವನು ಎಂದು. ಚೌಕಟ್ಟು ಹಾಕಿಸಿ ಗೋಡೆಗೆ ತೂಗುಹಾಕಿದ. "ದೇವರ ಮಗ್ಗಲಕ್ಕ ಹಚ್ಚ್ಯಾರ್ರಿ. ದಿನಾ ಊದಿನಕಡ್ಡಿ ಹೊಗಿ ಅದಕ್ಕೂ ಹೊಕ್ಕೈತಿ" ಎಂದಳು ಹೆಂಡತಿ.

ಸರ್ಟಿಫಿಕೇಟು ಕೊಟ್ಟ ವರ್ಷವೇ ವಿಭಾಗ ಮುಚ್ಚುತ್ತೇವೆ ಎಂದರು. ಹನ್ನೊಂದು ಜನರಲ್ಲಿ ಒಂಬತ್ತು ಜನರನ್ನು ಒಂದೇ ಬೆಳಿಗ್ಗೆ ಕಳಿಸಿದರು. ಇವನನ್ನೂ ಇನ್ನೊಬ್ಬಳನ್ನೂ ಉಳಿಸಿಕೊಂಡರು. ಯಂತ್ರಕ್ಕೆ ತಿಳಿಯದೆ ಪಕ್ಕಕ್ಕಿಟ್ಟ ಫೈಲುಗಳ ರಾಶಿ ಇತ್ತು, ಆ ರಾಶಿ ಮುಗಿಯುವ ತನಕ ಮಾತ್ರ ನೀವು ಎಂದರು. ಮುಗಿದ ದಿನ ಕೆಲಸವೂ ಮುಗಿಯುತ್ತದೆ ಎಂದರ್ಥ.

ಈಗ ಅವನ ಮನೆಯ ವಿಷಯ ಹೇಳಬೇಕು. ಅವನಿಗೆ ಅರವತ್ತೈದು ದಾಟಿ, ಇಲ್ಲಿ ಆ ವಯಸ್ಸಿನವರಿಗೆ ಸರ್ಕಾರ ಕೊಡುವ ಆಸ್ಪತ್ರೆಯ ವಿಮೆ ಬಂದಿತ್ತು. ಹೆಂಡತಿಗೆ ಅರವತ್ತೈದಾಗಲು ಇನ್ನೂ ಹದಿನಾಲ್ಕು ತಿಂಗಳು ಬೇಕಿತ್ತು. ಅವಳಿಗೆ ಸಕ್ಕರೆ ಕಾಯಿಲೆ, ಅದು ಕಣ್ಣಿಗೆ ಇಳಿದು, ತಿಂಗಳಿಗೊಮ್ಮೆ ಕಣ್ಣಿನೊಳಕ್ಕೇ ಸೂಜಿ ಚುಚ್ಚಿಸಿಕೊಳ್ಳಬೇಕಿತ್ತು. ಅದೆಲ್ಲ ನಡೆಯುತ್ತಿದ್ದದ್ದು ಇವನ ಕಂಪನಿ ಕೊಡುವ ವಿಮೆಯಲ್ಲಿ. ಇವನ ಕೆಲಸ ಹೋದರೆ ಅವಳ ವಿಮೆ ಹೋಯಿತು. ಇದು ನನ್ನಂಥವಳಿಗೂ ಅರ್ಥವಾಗುವ ಲೆಕ್ಕ.

ಅದೇ ಕಂಪನಿಯ ಆಸ್ಟಿನ್ನಿನ ಆಫೀಸಿನಲ್ಲಿ ಫೋನಿನ ಕೆಲಸ ಖಾಲಿ ಇದೆ, ಜನರ ಜೊತೆ ಮಾತಾಡುವ ಕೆಲಸ ಯಂತ್ರಕ್ಕೆ ಅಷ್ಟು ಬೇಗ ಹೋಗುವುದಿಲ್ಲ ಎಂದು ಯಾರೋ ಹೇಳಿದರು. ಬಸ್ಸು ಹಿಡಿದು ಹೋದ. ಬಂದವನನ್ನು ಕೇಳಿದೆ.

"ಏನ್ ಕೇಳಿದ್ರು?"

"ಒಬ್ಬಾಕಿ ಸಿಟ್ಟಿನ ಗಿರಾಕಿ ಆಗಿ ನಟನಾ ಮಾಡಿದ್ಳ್ರಿ. ನನ್ನ ಕ್ಲೇಮ್ ಯಾಕ ತಳ್ಳೀರಿ ಅಂತ ಒದರಿದ್ಳು. ಆಕಿನ್ನ ಸಮಾಧಾನ ಮಾಡಿ ಫೋನ್ ಇಡಬೇಕಂತ."

"ಮಾಡಿದ್ಯಾ?"

"ಫೈಲ್ ಕೊಟ್ಟಿದ್ರು, ಓದಿದ್ನಿರಿ. ಆಕಿ ಹೇಳೂದ ಖರೆ ಇತ್ತು. ಅದಕ್ಕ ಮ್ಯಾಲ್ಮನವಿ ಹೆಂಗ ಹಾಕೂದು, ಯಾವ ಪುಟದಾಗ ಐತಿ, ಎಲ್ಲಾ ಹೇಳಿಕೊಟ್ಟೆ."

"ನಟನೆ ಮಾಡ್ತಿರೋಳಿಗೆ?"

"ಹೂಂರಿ."

ಕೆಲಸ ಸಿಗಲಿಲ್ಲ ಎಂದು ಬೇರೆ ಬರೆಯಬೇಕಿಲ್ಲ.

ಉಳಿದ ದಾರಿ ಒಂದೇ, ಆ ರಾಶಿ. ರಾಶಿ ಇರುವ ತನಕ ಹೆಂಡತಿಯ ಸೂಜಿ. ಒಂದು ಭಾನುವಾರ ಅವನನ್ನು ನಮ್ಮ ಅಡುಗೆಮನೆಯಲ್ಲಿ ಕೂರಿಸಿದೆ.

"ದಿನಕ್ಕೆ ಎಷ್ಟು ಮುಗಿಸ್ತೀಯ?"

"ನಲವತ್ತ ಆಗತಾವ್ರಿ."

"ಹತ್ತು ಮಾಡು."

"ಹತ್ತ?"

"ಹತ್ತು. ಕಾಫಿ ಕುಡಿ. ಕನ್ನಡಕ ಒರೆಸು. ಬಾತ್‌ರೂಮಿಗೆ ಹೋಗಿ ಕೂತ್ಕೋ. ಆ ಇನ್ನೊಬ್ಳು ಮಾಡ್ತಿಲ್ವಾ? ಕಳ್ಳತನ ಮಾಡು ಅಂದ್ನಾ ನಾನು? ನಿಧಾನ ಮಾಡು ಅಂದೆ."

ತಲೆ ತಗ್ಗಿಸಿ ಕೂತಿದ್ದ. ಕೊನೆಗೆ "ಆತ್ರಿ ಅಕ್ಕಾರ, ನೀವಂದಂಗ" ಎಂದ. ನನ್ನ ಕೈ ಮುಟ್ಟಿ ಹೇಳಿದ.

ಸೋಮವಾರ ಹತ್ತು ಮಾಡಿದ. ಮಂಗಳವಾರ ಹತ್ತು ಮಾಡಿದ. ಬುಧವಾರ ಸಂಜೆ ಆಫೀಸಿನಿಂದ ನೇರ ನಮ್ಮ ಮನೆಗೆ ಬಂದು ಬಾಗಿಲಲ್ಲೇ ನಿಂತ. ಒಳಗೆ ಬಾ ಎಂದರೂ ಬರಲಿಲ್ಲ.

"ಆಗಲಿಲ್ರಿ."

"ಏನಾಗ್ಲಿಲ್ಲ?"

"ಹೊರಗ ನೋಡ್ರಿ, ಮೋಡ ಆಗೈತಿ. ಅವ್ರ ಮನಿ ಮ್ಯಾಲೆ ಛಾವಣಿ ಬದ್ಲಿ ಬರೇ ತಾಡಪತ್ರಿ ಐತ್ರಿ."

"ಯಾರ ಮನೆ ಮೇಲೆ?"

"ಉಳದ ಫೈಲಿನೋರ ಮನಿ ಮ್ಯಾಲೆ."

ಇವತ್ತು ಐವತ್ತೆರಡು ಮುಗಿಸಿದೆ ಎಂದ. ಎರಡು ದಿನದ ಬಾಕಿ ತೀರಿಸಲು ಹೊರಟಿದ್ದ ಪುಣ್ಯಾತ್ಮ. ನನ್ನ ಬಾಯಿಗೆ ಬಂದದ್ದೆಲ್ಲ ಅಂದೆ. ಪಕ್ಕದ ಮನೆಯ ಬಿಳಿಯಳು ಕಿಟಕಿಯಿಂದ ಇಣುಕಿದಳು. ಎಲ್ಲ ಕೇಳಿಸಿಕೊಂಡು, "ಬರತೀನ್ರಿ" ಎಂದು ಹೋದ.

ನಾಲ್ಕು ತಿಂಗಳಲ್ಲಿ ರಾಶಿ ಮುಗಿಯಿತು. ಒಂದೊಂದು ಫೈಲಿಗೂ ಷರಾ ಬರೆದೇ ಮುಗಿಸಿದ. ಆ ಷರಾಗಳನ್ನೂ ಯಂತ್ರ ಓದಿತು, ಇನ್ನು ಪಕ್ಕಕ್ಕೆ ಇಡುವ ಫೈಲೂ ಕಡಿಮೆಯಾಯಿತು. ಜೊತೆಯವಳ ಕೆಲಸವೂ ಅವನ ಕೈಯಿಂದಲೇ ಹೋಯಿತು. ಅವಳು ಕೊನೆಯ ದಿನ ಅವನ ಜೊತೆ ಮಾತಾಡಲಿಲ್ಲವಂತೆ. ಅವಳದೇನು ತಪ್ಪು?

ಅವತ್ತೇ ಅವರ ಮನೆಗೆ ಹೋದೆ. ಅವನು ಸೋಫಾದ ಮೇಲೆ ಕೂತಿದ್ದ. ನಾನು ಅವನ ಕಡೆ ನೋಡಲಿಲ್ಲ. ಒಳಗೆ ಹೋಗಿ ಹೆಂಡತಿಯನ್ನು ಕೇಳಿದೆ.

"ನಿನ್ನ ಕೇಳಿ ಮಾಡಿದ್ನೇನೇ?"

ರೊಟ್ಟಿ ತಟ್ಟುತ್ತಿದ್ದ ಕೈ ನಿಲ್ಲಿಸಲಿಲ್ಲ ಅವಳು.

"ಕೇಳಿದ್ರ ನಾ ಬ್ಯಾಡ ಅಂತಿದ್ನಿರಿ. ಅದಕ್ಕ ಅವ್ರು ಕೇಳಲಿಲ್ಲ."



ಕೆಲಸ ಬಿಟ್ಟ ಮೇಲೂ ಅದೇ ವಿಮೆ ಇಟ್ಟುಕೊಳ್ಳಬಹುದು, ಆದರೆ ಪೂರ್ತಿ ತಾವೇ ಕಟ್ಟಬೇಕು. ಮೂರು ತಿಂಗಳು ಕಟ್ಟಿ ಕೈಚೆಲ್ಲಿದರು. ಆಮೇಲೆ ಬಡವರಿಗೆಂದು ಇರುವ ಆಸ್ಪತ್ರೆಯ ಸಾಲು. ಅಲ್ಲಿ ಡಾಕ್ಟರು ಒಳ್ಳೆಯವರೇ, ಆದರೆ ಇವತ್ತು ಕೇಳಿದರೆ ಎರಡು ತಿಂಗಳ ಮುಂದಕ್ಕೆ ದಿನ ಕೊಡುತ್ತಾರೆ. ಕಣ್ಣು ಅಷ್ಟು ದಿನ ಕಾಯಲಿಲ್ಲ. ಎಡಗಣ್ಣು ಹೋಯಿತು. ಅರವತ್ತೈದು ತುಂಬಿ ಸರ್ಕಾರದ ಕಾರ್ಡು ಬಂದಾಗ ಬಲಗಣ್ಣಿಗೆ ಮಾತ್ರ ಸೂಜಿ ಬೇಕಾಗಿತ್ತು.

ಅಪಾರ್ಟ್‌ಮೆಂಟು ಬಿಟ್ಟು ಕ್ಯಾರಲ್ಟನ್ನಿಗೆ, ತಂಗಿಯ ಮನೆಗೆ ಹೋದರು. ಅಲ್ಲಿ ಒಂದು ದಿನಸಿ ಅಂಗಡಿಯಲ್ಲಿ ಪೊಟ್ಟಣಗಳನ್ನು ಜೋಡಿಸುತ್ತಿದ್ದನಂತೆ. ತಾರೀಖು ದಾಟಿದ್ದನ್ನು ಹುಡುಕಿ ಹುಡುಕಿ ತೆಗೆದು ಮಾಲೀಕನ ತಲೆ ತಿನ್ನುತ್ತಿದ್ದನಂತೆ. ಆಶ್ಚರ್ಯವೇನಿಲ್ಲ.

ಅವನು ತೀರಿಕೊಂಡ ಎಂಟು ದಿನಕ್ಕೆ ಮಗಳು ನನ್ನನ್ನು ಕಾರಿನಲ್ಲಿ ಕರೆದುಕೊಂಡು ಹೋದಳು. ನಾಲ್ಕು ಗಂಟೆಯ ದಾರಿ. ಹೆಂಡತಿ ಹಿಂದಿನ ವರಾಂಡದಲ್ಲಿ ಕೂತಿದ್ದಳು. ಅಳುತ್ತಿರಲಿಲ್ಲ. ನಾನೂ ಅಳುವವಳಲ್ಲ. ಅವಳ ಪಕ್ಕ ಕೂತು, ಮನಸ್ಸಿನಲ್ಲಿದ್ದದ್ದನ್ನು ಕೇಳಿಯೇಬಿಟ್ಟೆ.

"ಒಂದ್ ದಿನಾನಾದ್ರೂ ತಪ್ಪಾಯ್ತು ಅಂದ್ನಾ?"

"ಅಂದ್ರರಿ. ಒಮ್ಮೆ."

"ನಿನ್ನ ಕಣ್ಣಿಗಾ?"

"ಕಣ್ಣ ಹೋದಾಗ ಏನೂ ಅನ್ಲಿಲ್ರಿ. ಮೂರ ದಿನ ಊಟ ಬಿಟ್ರು, ಅಷ್ಟ. ತಪ್ಪಾತು ಅಂದಿದ್ದ ಬ್ಯಾರೆದಕ್ಕ. ನೀವು ನಿಧಾನ ಮಾಡು ಅಂದಿದ್ರಲ್ಲ, ಆ ಎರಡ ದಿನಕ್ಕ. ಆವಾಗ ಒಬ್ರ ಫೈಲ್ ಹಿಂದ ಬಿತ್ತಂತ. ಮಳಿ ಬಂದು ಅವ್ರ ಮಾಳಿಗಿ ಕುಸೀತಂತ."

 ನಾನು ಹೇಳಿದ್ದು ತಪ್ಪಲ್ಲ, ಇವತ್ತು ಬಂದು ಕೇಳಿದರೂ ಹತ್ತು ಮಾಡು ಎಂದೇ ಹೇಳುತ್ತೇನೆ. ಆದರೆ ಆ ಮನೆಯವರು ಯಾರೋ, ಅವರ ಮಾಳಿಗೆ ಅವತ್ತಿನಿಂದ ನನ್ನ ತಲೆಯ ಮೇಲೂ ಕೂತಿದೆ. ಅದನ್ನೂ ಅವನೇ ತಂದು ಕೂರಿಸಿದ.

ಅವಳು ಮುಂದುವರಿಸಿದಳು.

"ಕೆಲಸ ಬಿಟ್ಟ ಮ್ಯಾಲೆ ಒಂದ ಶನಿವಾರ ಹ್ಯೂಸ್ಟನ್ ಆ ತುದಿಗಿರೂ ಸೈಪ್ರೆಸ್‌ಗೆ ಕರಕೊಂಡ ಹೋದ್ರು ನನ್ನ. ಯಾಕ ಅಂತ ಹೇಳ್ಲಿಲ್ಲ. ಯಾರದೋ ಮನಿ, ಆ ಮಾಳಿಗಿ ಕುಸದವ್ರದ ಇರಬೇಕು, ಎದುರಿಗೆ ಕಾರ್ ನಿಂದ್ರಿಸಿ, ಇಳೀಲಿಲ್ಲ, ಕಿಟಕಿಯಿಂದ ಛಾವಣಿ ನೋಡಿದ್ರು. ಮನಿಯೋರು ಹೊಸಾದು ಹಾಕಿಸಿದ್ರು. 'ಹಾಂ, ಆತು' ಅಂದು ತಿರುಗಿಸಿಕೊಂಡ ಬಂದ್ರು."

"ಅಷ್ಟಕ್ಕೆ ಅಷ್ಟು ದೂರಾನಾ?"

"ಅಷ್ಟಕ್ಕ. ಖರೆ ಹೇಳಬೇಕಂದ್ರ ನಾವು ಹೊಂಟಿದ್ದು ನನ್ನ ಕಣ್ಣಿನ ಔಷಧಿ ತರಾಕ. ಆಸ್ಪತ್ರಿ ಔಷಧಿ ಅಂಗಡಿ ಶನಿವಾರ ಮಧ್ಯಾಹ್ನಕ್ಕ ಬಾಗಿಲ ಹಾಕತಾರ್ರಿ. ತಿರುಗಿ ಬರೂದ್ರಾಗ ಹಾಕಿಬಿಟ್ಟಿದ್ರು."

 ಆಮೇಲೆ ಅವಳು ಶುರು ಮಾಡಿದಳು. ನಲವತ್ತು ವರ್ಷ ಗಂಡನ ಎದುರು ಆಡದ ಮಾತುಗಳನ್ನೆಲ್ಲ ಒಂದೊಂದಾಗಿ ಹೊರಗೆ ತೆಗೆದಳು. ಅವಳಿಗೆ ಎಲ್ಲಿ ಮಾತು ಸಾಲಲಿಲ್ಲವೋ ಅಲ್ಲಿ ನಾನು ಸೇರಿಸಿದೆ. ಅವನ ತಂಗಿ ಒಳಗಿನಿಂದ ಓಡಿಬಂದು, ಗಾಬರಿಯಾಗಿ, ಬಾಗಿಲಲ್ಲೇ ನಿಂತುಬಿಟ್ಟಳು. ಕತ್ತಲಾಗುವ ತನಕ ಇಬ್ಬರೂ ಕೂತು ಅವನನ್ನು ಬೈದೆವು.